ಕತ್ತು ನಿಮ್ದು, ತಿರುಗಿಸೋದು ಕ್ಯಾಮೆರಾ

ಹೋದ ತಿಂಗಳು ಇದೇ ಪುಟದ ಮೂಲೇಲಿ "ಸ್ಟೇಜ್ ಮೇಲಿನ ಮ್ಯೂಸಿಕಲನ್ನ, ಅಂದ್ರೆ ಹಾಡು ಕುಣಿತದ ನಾಟಕಾನ, ಶೂಟ್ ಮಾಡಿ ಸಿನಿಮಾ ಹಾಲಲ್ಲಿ ಹಾಕ್ತಾರಲ್ಲ, ಅದನ್ನ ನೋಡಿದವರು ಇದ್ದೀರಾ?" ಅಂತ ಸುಮ್ನೆ ಒಂದು ಸಾಲು ಬರೆದಿದ್ದೆ. ನಾಲ್ಕು ಜನ ಬರೀಬಹುದು ಅಂದ್ಕೊಂಡಿದ್ದೆ. ಬಂದ ಪತ್ರಗಳನ್ನ ನೋಡಿದ್ರೆ ಎಷ್ಟೋ ಜನ ಈ ವಿಷಯಕ್ಕೆ ಮನೇಲಿ ಜಗಳ ಆಡಿಕೊಂಡೇ ಕೂತಿದ್ರು ಅನ್ಸುತ್ತೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳಿಗೆಲ್ಲ ರಜೆ.

ಪ್ರಶ್ನೆ: ಮಗಳನ್ನ ನೋಡೋಕೆ ಅಮೆರಿಕಕ್ಕೆ ಹೋಗಿದ್ದಾಗ ಅವಳು ನನ್ನನ್ನ 'ಹ್ಯಾಮಿಲ್ಟನ್' ಅನ್ನೋ ಮ್ಯೂಸಿಕಲ್‌ಗೆ ಕರ್ಕೊಂಡು ಹೋದ್ಲು, ಅಮೆರಿಕ ದೇಶ ಕಟ್ಟಿದವರಲ್ಲಿ ಒಬ್ಬನ ಕತೆ. ನಾಟಕ ಅಂತ ಇಸ್ತ್ರಿ ಶರ್ಟ್ ಹಾಕ್ಕೊಂಡು ಹೊರಟ್ರೆ ಅದು ಸಿನಿಮಾ ಹಾಲು. ಪರದೆ ಮೇಲೆ ಸ್ಟೇಜು, ಹಾಡೋರ ಬೆವರು, ಕೂದಲ ಬುಡದಲ್ಲಿ ಅಂಟಿಸಿದ ಮೈಕು, ರಾಜನ ವೇಷದವನ ಗಲ್ಲದ ಮೇಲೆ ಇಳೀತಿದ್ದ ಜೊಲ್ಲು ಕೂಡ ಕಾಣ್ತಿತ್ತು. ಹಾಡು ಮುಗಿದಾಗ ಪರದೆ ಒಳಗಿನ ಜನ ಚಪ್ಪಾಳೆ ಹೊಡೆದ್ರು, ನನ್ನ ಕೈನೂ ಎದ್ದಿತು, ಅಕ್ಕಪಕ್ಕ ನೋಡಿ ಇಳಿಸ್ಕೊಂಡೆ. ಇದು ನಾಟಕಾನಾ ಸಿನಿಮಾನಾ? ಮಗಳು "ಎರಡೂ ಅಪ್ಪಾ" ಅಂತಾಳೆ. ನಂಗೆ ಎರಡೂ ಅಲ್ಲ ಅನ್ಸುತ್ತೆ.
- ಇಸ್ತ್ರಿ ಶರ್ಟಿನವರು

ಉತ್ತರ: ಮೊದಲು ಆ ಜೊಲ್ಲಿನ ವಿಷಯ ಮುಗಿಸೋಣ, ಯಾಕಂದ್ರೆ ಅದನ್ನ ಕೇಳಿದವರಲ್ಲಿ ನೀವು ಮೊದಲಿಗರಲ್ಲ. ಇಂಗ್ಲೆಂಡಿನ ರಾಜ ಜಾರ್ಜ್ ಪಾತ್ರದ ಜೊನಾಥನ್ ಗ್ರಾಫ್ ಹಾಡುವಾಗ ಉಗುಳು ಸಿಡಿಯೋದು 2020ರಲ್ಲಿ ಇದು ಡಿಸ್ನಿ ಪ್ಲಸ್‌ನಲ್ಲಿ ಬಂದಾಗಲೇ ಜಗತ್ತಿಡೀ ಜೋಕ್ ಆಗಿತ್ತು. ಅದು ಕೊಳಕು ಅಲ್ಲ ಸ್ವಾಮಿ, ಕೆಲಸ. ಕೊನೇ ಸಾಲಲ್ಲಿ ಕೂತವನಿಗೂ ಪ್ರತಿ ಅಕ್ಷರ ಬಿಡಿಬಿಡಿಯಾಗಿ ಮುಟ್ಟಬೇಕು ಅಂದ್ರೆ ತುಟಿ, ನಾಲಿಗೆ ಎಲ್ಲಾ ಜೋರಾಗೇ ಕೆಲಸ ಮಾಡ್ಬೇಕು, ರಂಗದ ಮೇಲೆ ಹಾಡೋರೆಲ್ಲ ಹಾಗೇ, ಮಾಮೂಲಿಯಾಗಿ ಅದು ಮೊದಲ ಎರಡು ಸಾಲಿನವರಿಗೆ ಮಾತ್ರ ಗೊತ್ತಿರೋ ಗುಟ್ಟು, ಕ್ಯಾಮೆರಾ ಹತ್ತಿರ ಹೋಗಿ ಅದನ್ನ ಇಡೀ ಹಾಲಿಗೆ ಹಂಚಿಬಿಡ್ತು ಅಷ್ಟೆ.

ಈಗ ನಿಮ್ಮ ಅಸಲಿ ಪ್ರಶ್ನೆ. ನನ್ನ ಮಟ್ಟಿಗೆ ಇದು ನಾಟಕಾನೇ, ಆದ್ರೆ ಬೇರೆ ಯಾರೋ ನಿಮಗೋಸ್ಕರ ನೋಡಿಟ್ಟಿರೋ ನಾಟಕ. ನಾಟಕದ ಥಿಯೇಟರಲ್ಲಿ ಕೂತಾಗ ಸ್ಟೇಜ್ ಪೂರ್ತಿ ನಿಮ್ಮ ಕಣ್ಣ ಮುಂದೆ ಇರುತ್ತೆ, ಹೀರೋ ಹಾಡ್ತಿರುವಾಗ ನೀವು ಮೂಲೇಲಿ ಕುರ್ಚಿ ಎತ್ತಿಡೋ ಹುಡುಗನ್ನ ನೋಡ್ತಾ ಕೂತ್ರೂ ಕೇಳೋರಿಲ್ಲ. ಇಲ್ಲಿ ಹಾಗಲ್ಲ. ನಿಮ್ಮ ಕತ್ತು ಹಿಡಿದು "ಈಗ ಇವಳ ಮುಖ ನೋಡಿ, ಈಗ ಅವನ ಕೈ ನೋಡಿ" ಅಂತ ಎಡಿಟರ್ ತಿರುಗಿಸ್ತಾ ಇರ್ತಾರೆ. ತಿರುಗಿಸೋ ಕೈ ಚೆನ್ನಾಗಿದ್ರೆ ಗೊತ್ತೇ ಆಗಲ್ಲ, ಕೆಟ್ಟದಾಗಿದ್ರೆ ಎರಡು ಗಂಟೆ ಆದ್ಮೇಲೆ ನಿಜವಾಗ್ಲೂ ಕತ್ತು ನೋವು ಬಂದ ಹಾಗೆ ಆಗುತ್ತೆ.

ನೀವು ನೋಡಿದ್ದರಲ್ಲೇ ಒಂದು ಉದಾಹರಣೆ ಹೇಳ್ತೀನಿ. ಹಿಂದೆ ಗುಂಪಲ್ಲಿ ಕುಣಿಯೋರಲ್ಲಿ ಅರಿಯಾನಾ ಡಿಬೋಸ್ ಅನ್ನೋ ನಟಿ ಇದ್ದಾರೆ. ಕೊನೇಲಿ ಹ್ಯಾಮಿಲ್ಟನ್‌ಗೂ ಅವನ ಎದುರಾಳಿ ಬರ್‌ಗೂ ಪಿಸ್ತೂಲು ಹಿಡಿದು ಎದುರುಬದುರು ನಿಲ್ಲೋ ಸೀನ್ ಬರುತ್ತಲ್ಲ, ಅಲ್ಲಿ ಹಾರಿದ ಗುಂಡನ್ನ ಎರಡು ಬೆರಳಲ್ಲಿ ಹಿಡ್ಕೊಂಡ ಹಾಗೆ ನಿಧಾನಕ್ಕೆ ಗಾಳಿಯಲ್ಲಿ ಒಯ್ಯೋದು ಅವರೇ. ಅಂದ್ರೆ ಅವರೇ ಆ ಗುಂಡು. ಇದು ಗೊತ್ತಾದ ಮೇಲೆ ಇನ್ನೊಂದ್ಸಲ ನೋಡಿದ್ರೆ ಮೈ ಜುಂ ಅನ್ನುತ್ತೆ, ಯಾಕಂದ್ರೆ ಅದಕ್ಕೂ ಎಷ್ಟೋ ಮುಂಚಿನಿಂದ ಯಾರ‍್ಯಾರು ಸಾಯೋರಿದ್ದಾರೋ ಅವರ ಸುತ್ತಮುತ್ತ ಈಕೆ ಸುಳೀತಾನೇ ಇರ್ತಾರೆ. ಥಿಯೇಟರಲ್ಲಿ ಕೂತವನು ಬೇಕಾದ್ರೆ ಪೂರ್ತಿ ನಾಟಕ ಇವರೊಬ್ಬರ ಹಿಂದೇನೇ ಕಣ್ಣು ಓಡಿಸಬಹುದು. ಸಿನಿಮಾ ಹಾಲಲ್ಲಿ ಕೂತವನು ಕ್ಯಾಮೆರಾ ಹಿಂದೆ ಸರಿದು ಇಡೀ ಸ್ಟೇಜ್ ತೋರಿಸಿದಾಗ ಮಾತ್ರ ಅವರನ್ನ ಹುಡುಕಬೇಕು. ಅದಕ್ಕೇ ನಾನು ಇಂಥ ಚಿತ್ರೀಕರಣವನ್ನ ಅಳೆಯೋದು ಒಂದೇ ಒಂದರಿಂದ: ಕುಣಿಯೋರ ಕಾಲು ಎಷ್ಟು ಹೊತ್ತು ಕಾಣುತ್ತೆ? ಕುಣಿತದ ಮಧ್ಯೆ ಬರೀ ಮುಖಗಳನ್ನೇ ತೋರಿಸೋರ ಮೇಲೆ ನನಗೆ ಸಿಟ್ಟಿದೆ.

ಹಾಗಂತ ಕ್ಯಾಮೆರಾ ಬರೀ ಕಿತ್ಕೊಳ್ಳುತ್ತೆ ಅಂತಲ್ಲ, ಕೊಡೋದೂ ಇದೆ. ಆ ಸ್ಟೇಜಲ್ಲಿ ಒಂದರೊಳಗೊಂದು ಎರಡು ಚಕ್ರ ತಿರುಗ್ತಾ ಇರ್ತವೆ, ಮೇಲಿಂದ ತೆಗೆದ ಶಾಟಲ್ಲಿ ಆ ಚಕ್ರ ನೋಡೋ ಸುಖ ಎಷ್ಟೇ ದುಡ್ಡು ಕೊಟ್ಟು ಸೀಟ್ ತಗೊಂಡವನಿಗೂ ಇಲ್ಲ. ನಾನು ಒಂದ್ಸಲ ದೊಡ್ಡ ಥಿಯೇಟರೊಂದರ ಬಾಲ್ಕನೀಲಿ ಕಂಬದ ಹಿಂದಿನ ಸೀಟಲ್ಲಿ ಕೂತು ನಾಯಕಿಯ ಎಡಗೈ ಮಾತ್ರ ನೋಡಿ ಬಂದಿದ್ದೀನಿ, ಒಳ್ಳೇ ಕೈ, ಆದ್ರೆ ಮೂರು ಗಂಟೆ ನೋಡೋ ಅಂಥದ್ದಲ್ಲ.

ಇನ್ನು ಚಪ್ಪಾಳೆ. ನೀವು ನೋಡಿದ್ದು 2016ರ ಜೂನ್‌ನಲ್ಲಿ ನ್ಯೂಯಾರ್ಕಿನ ರಿಚರ್ಡ್ ರಾಜರ್ಸ್ ಥಿಯೇಟರಲ್ಲಿ ತೆಗೆದಿದ್ದು. ನಾಟಕ ಬರೆದು ತಾನೇ ಹ್ಯಾಮಿಲ್ಟನ್ ಆಗಿದ್ದ ಲಿನ್-ಮ್ಯಾನುಯೆಲ್ ಮಿರಾಂಡಾ ಜುಲೈನಲ್ಲಿ ಪಾತ್ರ ಬಿಡೋರಿದ್ರು, ಅದಕ್ಕೆ ಮೊದಲ ತಂಡ ಚೆದುರೋಕೆ ಮುಂಚೆ ಹಿಡಿದಿಡೋಣ ಅಂತ ಮಾಡಿದ್ದು. ರಂಗದ ನಿರ್ದೇಶಕ ಥಾಮಸ್ ಕೇಲ್ ಅವರೇ ಇದಕ್ಕೂ ನಿರ್ದೇಶಕ. ಜನ ತುಂಬಿದ ಎರಡು ಪ್ರದರ್ಶನಗಳನ್ನ ಶೂಟ್ ಮಾಡಿದ್ರು, ಅದರ ಜೊತೆಗೆ ಕೆಲವು ಹಾಡುಗಳನ್ನ ಜನ ಇಲ್ಲದ ಖಾಲಿ ಥಿಯೇಟರಲ್ಲಿ ಕ್ರೇನು, ಮೈಗೆ ಕಟ್ಟಿಕೊಂಡು ಓಡಾಡೋ ಸ್ಟೆಡಿಕ್ಯಾಮ್ ಕ್ಯಾಮೆರಾ ಎಲ್ಲಾ ಸ್ಟೇಜಿಗೆ ತಂದು ಮತ್ತೆ ತೆಗೆದ್ರು, ಆಮೇಲೆ ಎಲ್ಲಾ ಸೇರಿಸಿ ಹೊಲಿದ್ರು. ಅಮೆರಿಕದ ಸಿನಿಮಾ ಹಾಲುಗಳಿಗೆ ಅದು ಬಂದಿದ್ದು 2025ರ ಸೆಪ್ಟೆಂಬರ್ 5ಕ್ಕೆ. ಅಂದ್ರೆ ನಿಮ್ಮ ಕೈ ಎತ್ತಿಸಿದ್ದು ಒಂಬತ್ತು ವರ್ಷ ಹಳೇ ಚಪ್ಪಾಳೆ. ಹೊಡೀಬೇಕು ಅನಿಸಿದ್ರೆ ಹೊಡೀರಿ, ನಟರಿಗೆ ಕೇಳಲ್ಲ ನಿಜ, ಆದ್ರೆ ಪಕ್ಕದಲ್ಲಿ ಇನ್ನೊಬ್ಬರು ಕೈ ಎತ್ತಿ ಇಳಿಸ್ಕೊಂಡು ಕೂತಿರ್ತಾರೆ, ಅವರಿಗೆ ಕೇಳುತ್ತೆ.

ಪ್ರಶ್ನೆ: ಹಾಡು ಅಷ್ಟು ಕ್ಲೀನಾಗಿ ಕೇಳುತ್ತಲ್ಲ, ಕುಣೀತಾ ಕುಣೀತಾ ಯಾರು ಹಾಗೆ ಹಾಡ್ತಾರೆ? ಸ್ಟುಡಿಯೋದಲ್ಲಿ ಮತ್ತೆ ಹಾಡಿಸಿ ಸೇರಿಸ್ತಾರೆ ಅಂತ ನನ್ನ ವಾದ, ಗೆಳೆಯನ ಹತ್ರ ಬೆಟ್ ಕಟ್ಟಿದ್ದೀನಿ.

ಉತ್ತರ: ಬೆಟ್ಟಿನ ದುಡ್ಡು ರೆಡಿ ಇಟ್ಕೊಳ್ಳಿ. ಪ್ರತಿ ನಟನ ಕೂದಲಂಚಲ್ಲೋ ಕೆನ್ನೆ ಮೇಲೋ ಪುಟ್ಟ ಮೈಕ್ ಇರುತ್ತೆ, ಅದರ ವೈರು ವಿಗ್ ಒಳಗಿಂದ ಇಳಿದು ಬಟ್ಟೆ ಒಳಗಿರೋ ಟ್ರಾನ್ಸ್‌ಮಿಟರ್‌ಗೆ ಹೋಗುತ್ತೆ. ಒಬ್ಬೊಬ್ಬರ ದನಿ ಬೇರೆ ಬೇರೆ ಟ್ರ್ಯಾಕಲ್ಲಿ, ವಾದ್ಯಗಳದ್ದು ಬೇರೆ, ಪ್ರೇಕ್ಷಕರ ನಗು ಚಪ್ಪಾಳೆಗೆ ಅಂತಾನೇ ನಾಟಕದ ಥಿಯೇಟರಲ್ಲಿ ಇಟ್ಟ ಮೈಕುಗಳದ್ದು ಬೇರೆ. ಆಮೇಲೆ ಕೂತು ಮಿಕ್ಸ್ ಮಾಡುವಾಗ ಹಾಡನ್ನ ಪರದೆ ಹಿಂದಿನ ಸ್ಪೀಕರಿಗೆ, ಚಪ್ಪಾಳೇನ ನಿಮ್ಮ ಬೆನ್ನ ಹಿಂದಿನ ಸ್ಪೀಕರಿಗೆ ಕಳಿಸ್ತಾರೆ, ಇಸ್ತ್ರಿ ಶರ್ಟಿನವರ ಕೈ ಎದ್ದಿದ್ದು ಅದಕ್ಕೇನೇ. ಒಂದಕ್ಕಿಂತ ಹೆಚ್ಚು ಪ್ರದರ್ಶನ ತೆಗೆದಿದ್ರೆ ಒಂದು ದಿನ ಕೆಮ್ಮು ಬಂದ ಸಾಲನ್ನ ಇನ್ನೊಂದು ದಿನದ್ದರಿಂದ ತಗೊಳ್ಳೋಕೆ ಅನುಕೂಲ ಇರುತ್ತೆ, ಅದನ್ನ ಬೇಕಾದ್ರೆ ನೀವು ಮೋಸ ಅನ್ನಿ. ಆದ್ರೆ ಹಾಡಿದ್ದು ಅವರೇ, ಅಲ್ಲೇ, ಆ ಉಸಿರಲ್ಲೇ. ಕಿವಿಗೊಟ್ಟು ಕೇಳಿ, ಜೋರು ಕುಣಿತ ಆದ ತಕ್ಷಣದ ಸಾಲಿಗೆ ಮುಂಚೆ ಉಸಿರು ಎಳ್ಕೊಳ್ಳೋ ಸದ್ದು ಇರುತ್ತೆ. ಅದನ್ನ ಅಳಿಸಿಹಾಕಿದ್ರೆ ನಾನು ನಿಮ್ಮ ಪಾರ್ಟಿ.

ಪ್ರಶ್ನೆ: ಇಷ್ಟು ಚೆನ್ನಾಗಿ ಶೂಟ್ ಮಾಡೋಕೆ ಬರುತ್ತೆ ಅಂದ್ಮೇಲೆ ಎಲ್ಲಾ ಮ್ಯೂಸಿಕಲ್‌ಗಳನ್ನೂ ಯಾಕೆ ಮಾಡಿ ಹಾಕಲ್ಲ? ನ್ಯೂಯಾರ್ಕು ಲಂಡನ್ನಿಗೆ ಹೋಗೋಕೆ ಆಗದೇ ಇರೋರು ಕದ್ದು ಫೋನಲ್ಲಿ ತೆಗೆದ ವಿಡಿಯೋನೇ ನೋಡ್ತಾ ಇರ್ಬೇಕಾ?

ಉತ್ತರ: ದುಡ್ಡು, ಹಕ್ಕು, ಭಯ. ನಟರು, ವಾದ್ಯದವರು, ಬರೆದವರು, ಕುಣಿತ ಕಟ್ಟಿದವರು, ಲೈಟ್ ಹಾಕಿದವರು, ಎಲ್ಲರ ಜೊತೆ ಬೇರೆ ಒಪ್ಪಂದ ಆಗ್ಬೇಕು, ಆಮೇಲೆ ಶೂಟಿಂಗ್ ಖರ್ಚು. ಅದರ ಮೇಲೆ, ಪರದೆ ಮೇಲೆ ಸಿಕ್ಕಿಬಿಟ್ರೆ ಥಿಯೇಟರಿಗೆ ಯಾರು ಬರ್ತಾರೆ ಅನ್ನೋ ನಿರ್ಮಾಪಕರ ಹಳೇ ಭಯ. 'ಹ್ಯಾಮಿಲ್ಟನ್' ಕೂಡ ಶೂಟ್ ಆಗಿ ನಾಲ್ಕು ವರ್ಷ ಡಬ್ಬದಲ್ಲೇ ಇತ್ತು ನೋಡಿ.

ಈ ಭಯಕ್ಕೆ ನನಗೆ ಇಷ್ಟವಾದ ಸಾಕ್ಷಿ 1964ರದ್ದು. ಅದು ಮ್ಯೂಸಿಕಲ್ ಅಲ್ಲ, ನಟ ರಿಚರ್ಡ್ ಬರ್ಟನ್ ಮಾಡಿದ 'ಹ್ಯಾಮ್ಲೆಟ್'. ಬ್ರಾಡ್‌ವೇ, ಅಂದ್ರೆ ನ್ಯೂಯಾರ್ಕಿನ ದೊಡ್ಡ ನಾಟಕದ ಥಿಯೇಟರ್‌ಗಳಿರೋ ಜಾಗ, ಅಲ್ಲಿನ ಸ್ಟೇಜ್ ಮೇಲೆ ನಡೀತಿದ್ದ ಹಾಗೇ ಎಲೆಕ್ಟ್ರಾನೊವಿಷನ್ ಅಂತ ಒಂದು ವಿಧಾನದಲ್ಲಿ ತೆಗೆದು ಸೆಪ್ಟೆಂಬರ್‌ನಲ್ಲಿ ಅಮೆರಿಕದ ಉದ್ದಗಲಕ್ಕೂ ಎರಡೇ ಎರಡು ದಿನ ಸಿನಿಮಾ ಹಾಲಲ್ಲಿ ಹಾಕಿದ್ರು, ಆಮೇಲೆ ಪ್ರಿಂಟೆಲ್ಲ ನಾಶ ಮಾಡ್ಬೇಕು ಅಂತ ಕರಾರು. ಮಾಡಿದ್ರು ಕೂಡ! ಬರ್ಟನ್ ತೀರಿಕೊಂಡ ಮೇಲೆ ಅವರ ಹೆಂಡತಿಗೆ ಮನೆ ಗ್ಯಾರೇಜಲ್ಲಿ ಒಂದು ಪ್ರಿಂಟ್ ಸಿಕ್ಕಿದ್ರಿಂದ ನಾವಿವತ್ತು ಅದನ್ನ ನೋಡೋಕೆ ಆಗ್ತಿರೋದು.

ಇನ್ನೊಂದು ಹೊಟ್ಟೆ ಉರಿಸೋ ವಿಷಯ ಹೇಳ್ತೀನಿ. ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಬೆಟ್ಟಿ ಕಾರ್ವಿನ್ ಅನ್ನೋ ಮಹಿಳೆ 1970ರಲ್ಲಿ ಶುರು ಮಾಡಿದ ಸಂಗ್ರಹ ಇದೆ, ಬ್ರಾಡ್‌ವೇ ನಾಟಕಗಳನ್ನ ಸರಿಯಾಗಿ ಅನುಮತಿ ತಗೊಂಡು ರೆಕಾರ್ಡ್ ಮಾಡಿಟ್ಟಿದ್ದಾರೆ, ಸಾವಿರಗಟ್ಟಲೆ ಇವೆ. ಆದ್ರೆ ನೋಡ್ಬೇಕು ಅಂದ್ರೆ ಅಲ್ಲಿಗೇ ಹೋಗಿ, ಓದಿನದ್ದೋ ಕೆಲಸದ್ದೋ ಕಾರಣ ಕೊಟ್ಟು, ಅಲ್ಲೇ ಕೂತು ನೋಡಿ ಬರಬೇಕು. ಮನೆಗೆ ಕೊಡಲ್ಲ, ಹಾಲಲ್ಲಿ ಹಾಕಲ್ಲ.

ಗಾಳಿ ಬದಲಾಗ್ತಿರೋದೂ ನಿಜ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದವರು 2006ರ ಡಿಸೆಂಬರ್‌ನಲ್ಲಿ, ಲಂಡನ್ನಿನ ನ್ಯಾಷನಲ್ ಥಿಯೇಟರಿನವರು 2009ರ ಜೂನ್‌ನಲ್ಲಿ ಸಿನಿಮಾ ಹಾಲುಗಳಿಗೆ ನೇರ ಪ್ರಸಾರ ಶುರು ಮಾಡಿದ್ರು. 2014ರ ಸೆಪ್ಟೆಂಬರ್ 28ಕ್ಕೆ 'ಬಿಲ್ಲಿ ಎಲಿಯಟ್' ಮ್ಯೂಸಿಕಲನ್ನ ಲಂಡನ್ನಿಂದ ಲೈವ್ ಹಾಕಿದಾಗ ಆ ವಾರಾಂತ್ಯ ಬ್ರಿಟನ್ನಿನ ಗಲ್ಲಾಪೆಟ್ಟಿಗೇಲಿ ಅದೇ ಮೊದಲ ಸ್ಥಾನಕ್ಕೆ ಬಂತು, ದೊಡ್ಡ ದೊಡ್ಡ ಸಿನಿಮಾಗಳನ್ನ ಹಿಂದೆ ಹಾಕಿ. ಕೊನೇಲಿ ಆವರೆಗೆ ಬಿಲ್ಲಿ ಪಾತ್ರ ಮಾಡಿದ ಹಳೇ ಹೊಸ ಹುಡುಗರು 25 ಜನ ಒಟ್ಟಿಗೆ ಕುಣಿದ್ರು. ಮೊದಲು ಬಂದಾಗ 1981ರಲ್ಲಿ 16 ಪ್ರದರ್ಶನಕ್ಕೇ ಮುಚ್ಚಿಹೋಗಿದ್ದ ಸ್ಟೀಫನ್ ಸಾಂಡ್‌ಹೈಮ್ ಅವರ 'ಮೆರಿಲಿ ವಿ ರೋಲ್ ಅಲಾಂಗ್' ಕೂಡ, ಡೇನಿಯಲ್ ರಾಡ್‌ಕ್ಲಿಫ್, ಲಿಂಡ್ಸೆ ಮೆಂಡೆಜ್ ಮತ್ತೆ ನಮ್ಮ ಜೊಲ್ಲಿನ ರಾಜ ಗ್ರಾಫ್ ಇರೋ ಹೊಸ ರೂಪದಲ್ಲಿ ಶೂಟ್ ಆಗಿ 2025ರ ಡಿಸೆಂಬರ್‌ನಲ್ಲಿ ಹಾಲಿಗೆ ಬಂತು. ಕತೆ ಹಿಂದಿನಿಂದ ಮುಂದಕ್ಕೆ, ಅಲ್ಲಲ್ಲ, ಮುಂದಿನಿಂದ ಹಿಂದಕ್ಕೆ ಹೋಗುತ್ತೆ, ವಯಸ್ಸಾದವರಿಂದ ಶುರುವಾಗಿ ಅವರ ಹರೆಯಕ್ಕೆ ಮುಗಿಯುತ್ತೆ. ಅದಕ್ಕೆ ಕ್ಲೋಸಪ್ ಬೇಕೇ ಬೇಕು ಅಂತ ನಾನೂ ಒಪ್ತೀನಿ, ಮುಖದಿಂದ ವರ್ಷಗಳು ಉದುರೋದನ್ನ ಬಾಲ್ಕನಿಯಿಂದ ನೋಡೋಕಾಗಲ್ಲ.

ಕದ್ದು ತೆಗೆದ ವಿಡಿಯೋ ನೋಡ್ಬೇಡಿ ಅಂತ ನೀತಿ ಹೇಳಲ್ಲ, ಮುಂದೆ ಕೂತವರ ತಲೇನೇ ಅದರಲ್ಲಿ ಮುಖ್ಯ ಪಾತ್ರ ಅಂತ ಮಾತ್ರ ಹೇಳ್ತೀನಿ.

ಪ್ರಶ್ನೆ: ಇಂಗ್ಲಿಷ್ ಓದೋಕೆ ಬರುತ್ತೆ, ಆದ್ರೆ ಅಷ್ಟು ಸ್ಪೀಡಾಗಿ ಹಾಡಿದ್ರೆ ಏನೂ ಹಿಡಿಯಲ್ಲ. ಹತ್ತನೇ ಕ್ಲಾಸಿನ ಮಗ ನಗ್ತಾನೆ. ಹೋಗ್ಲಾ ಬೇಡ್ವಾ?

ಉತ್ತರ: ಹೋಗಿ ಮೇಡಂ. 'ಹ್ಯಾಮಿಲ್ಟನ್' ಆಲ್ಬಮ್ಮಲ್ಲಿ 46 ಟ್ರ್ಯಾಕು, 20 ಸಾವಿರಕ್ಕೂ ಜಾಸ್ತಿ ಪದ, ಇಂಗ್ಲಿಷ್ ಮನೆಮಾತಾಗಿರೋರಿಗೂ ಮೊದಲ ಸಲಕ್ಕೆ ಅರ್ಧ ಜಾರಿಹೋಗುತ್ತೆ, ಮಗನಿಗೂ ಜಾರಿರುತ್ತೆ, ಒಪ್ಕೊಳ್ಳಲ್ಲ ಅಷ್ಟೆ. ಇಡೀ ಕತೆ ಹಾಡಲ್ಲೇ ಇರೋದ್ರಿಂದ ಒಂದು ವಾರ ಮುಂಚೆ ಅಡುಗೆ ಮಾಡ್ತಾ, ಬಟ್ಟೆ ಮಡಚ್ತಾ ಆಲ್ಬಮ್ ಕೇಳ್ತಾ ಇರಿ, ಅರ್ಥ ಆಗದಿದ್ರೂ ಪರವಾಗಿಲ್ಲ, ರಾಗ ಕಿವಿಗೆ ಕೂತಿದ್ರೆ ಹಾಲಲ್ಲಿ ಪದಗಳು ತಾವಾಗೇ ಬಂದು ಅಂಟ್ಕೋತವೆ. ಕತೆಯ ಸಾರಾಂಶ ಓದ್ಕೊಂಡು ಹೋಗಿ, ಸಸ್ಪೆನ್ಸ್ ಹಾಳಾಗುತ್ತೆ ಅನ್ನೋ ಚಿಂತೆ ಬೇಡ, ಬರ್ ಮೊದಲ ಹಾಡಲ್ಲೇ "ಇವನನ್ನ ಕೊಂದೋನು ನಾನೇ" ಅಂತ ಹೇಳಿಬಿಡ್ತಾನೆ. ಸಬ್‌ಟೈಟಲ್ ಇರೋ ಶೋ ಸಿಕ್ಕಿದ್ರೆ ಅದಕ್ಕೇ ಹೋಗಿ, ಅದರಲ್ಲಿ ಅವಮಾನ ಏನಿಲ್ಲ, ನಾನೂ ಅದಕ್ಕೇ ಹೋಗೋದು.

ಪ್ರಶ್ನೆ: ಯಾವ ಸಾಲಲ್ಲಿ ಕೂತ್ಕೊಳ್ಬೇಕು? ನಾಟಕ ಅಂತ ಮೊದಲನೇ ಸಾಲು ಬುಕ್ ಮಾಡಿದ್ದೀನಿ.

ಉತ್ತರ: ಬದಲಾಯಿಸೋಕೆ ಆಗುತ್ತಾ ನೋಡಿ. ನಾಟಕದ ಮೊದಲನೇ ಸಾಲು ಇಲ್ಲಿ ಕ್ಯಾಮೆರಾಗೆ ಆಗ್ಲೇ ಹೋಗಿಬಿಟ್ಟಿದೆ, ನೀವು ಅದರ ಮುಂದೆ ಇನ್ನೊಂದು ಮೊದಲನೇ ಸಾಲಲ್ಲಿ ಕೂತ್ರೆ ನಟನ ಮೂಗಿನ ಹೊಳ್ಳೆ ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತೆ. ಮಧ್ಯಕ್ಕಿಂತ ಸ್ವಲ್ಪ ಹಿಂದೆ, ಎಡಕ್ಕೂ ಬಲಕ್ಕೂ ಸಮ ಇರೋ ಜಾಗ ಹಿಡೀರಿ. ಹಿಂದಿನ ಚಪ್ಪಾಳೆ ಮುಂದಿನ ಹಾಡು ಎರಡೂ ಸರಿಯಾಗಿ ಸೇರೋದು ಅಲ್ಲಿ, ಇಡೀ ಸ್ಟೇಜ್ ತೋರಿಸಿದಾಗ ಆ ಮೂಲೆ ಈ ಮೂಲೆ ಕಣ್ಣು ಓಡಿಸೋಕೆ ಆಗೋದೂ ಅಲ್ಲಿಂದಾನೇ. ಮೊದಲನೇ ಸಾಲಿನ ಟಿಕೆಟ್ ವಾಪಸ್ ತಗೊಳ್ಳಲ್ಲ ಅಂದ್ರೆ ತಲೆ ಒರಗಿಸೋಕೆ ಒಂದು ಶಾಲು ತಗೊಂಡು ಹೋಗಿ.