ಇಳಿಸಿದ ಮೇಲೆ ಅದು ಅದೇ ಉಸುಕಲ್ಲ

ಪತ್ರ: ಕಳೆದ ಸಂಚಿಕೆಯಲ್ಲಿ ಸಮುದ್ರದ ಗಾಳಿಯಂತ್ರಗಳ ಬಕೆಟ್ ಅಡಿಪಾಯದ (ಕಂಬದ ಬುಡಕ್ಕೆ ಬೋರಲಾಗಿ ಹೂಳುವ ದೊಡ್ಡ ಉಕ್ಕಿನ ಬಕೆಟ್) ಬಗ್ಗೆ ಓದಿದೆ. ಒತ್ತಿ ಇಳಿಸಿದರೂ ಅಷ್ಟೇ ಆಳ, ಪಂಪಿನಿಂದ ಹೀರಿ ಇಳಿಸಿದರೂ ಅಷ್ಟೇ ಆಳ. ಕೊನೆಗೆ ಅದೇ ಬಕೆಟ್, ಅದೇ ಉಸುಕು. ವಿಧಾನದ ಬಗ್ಗೆ ಅಷ್ಟೊಂದು ಚರ್ಚೆ ಯಾಕೆ?
— ಡಿಪ್ಲೊಮಾ ಸಿವಿಲ್ ವಿದ್ಯಾರ್ಥಿ, ಕುಷ್ಟಗಿ

ಉತ್ತರ: ನಿಮ್ಮೂರ ಸುತ್ತ ತಿರುಗುವ ರೆಕ್ಕೆಗಳನ್ನು ಎಲ್ಲರೂ ನೋಡುತ್ತಾರೆ. ನೀವು ಬುಡದ ಬಗ್ಗೆ ಕೇಳಿದಿರಿ, ಬಹಳ ಖುಷಿಯಾಯಿತು. ಬಕೆಟ್ ಅದೇ, ಆಳವೂ ಅಷ್ಟೇ, ಒಪ್ಪಿದೆ. ಆದರೆ ಉಸುಕೂ ಅದೇ ಎಂದಿರಲ್ಲ, ಅಲ್ಲೇ ಎಡವಿದಿರಿ.

ಬೋರಲು ಹಾಕಿದ ಉಕ್ಕಿನ ಬಕೆಟ್ ಮೊದಲು ತನ್ನ ಭಾರಕ್ಕೇ ಸ್ವಲ್ಪ ಇಳಿದು ಉಸುಕಿನಲ್ಲಿ ಕಚ್ಚಿಕೊಳ್ಳುತ್ತದೆ. ಆಮೇಲೆ ಪಂಪು ಒಳಗಿನ ನೀರನ್ನು ಎಳೆಯುತ್ತದೆ. ಡೆನ್ಮಾರ್ಕಿನ ಫ್ರೆಡರಿಕ್ಸ್‌ಹಾವ್ನ್‌ನಲ್ಲಿ 2002ರಲ್ಲಿ ಇಳಿಸಿದ ಬಕೆಟ್ 12 ಮೀಟರ್ ಅಗಲದ್ದು. ಅಷ್ಟಗಲದ ಮುಚ್ಚಳದ ಒಳಗೂ ಹೊರಗೂ ಒಂದು ಮೀಟರ್ ನೀರಿನಷ್ಟು ಒತ್ತಡದ ವ್ಯತ್ಯಾಸವಾದರೆ ಸಾಕು, ಸುಮಾರು 113 ಟನ್ ಹೇರಿದ ಹಾಗೆ.

ಭಾರದ ಮಾತು ಅಲ್ಲಿಗಿರಲಿ, ನೀರಿನ ದಾರಿ ನೋಡಿ. ಹೊರಗಿನ ನೀರು ಗೋಡೆಗುಂಟ ಕೆಳಗಿಳಿದು, ಗೋಡೆಯ ಕೆಳ ಅಂಚು ಸುತ್ತಿ, ಒಳಗೆ ಮೇಲಕ್ಕೇರುತ್ತದೆ. ಏರುವಾಗ ಕಾಳುಗಳನ್ನು ಎತ್ತಿ ಹಿಡಿಯುತ್ತದೆ. ಒಳಗಿನ ಉಸುಕು ಸಡಿಲಾಗಿ ಅಂಚಿಗೆ ದಾರಿ ಬಿಡುತ್ತದೆ. ಹೊರಗೆ ಇದರ ಉಲ್ಟಾ. ಅಲ್ಲಿ ನೀರು ಕಾಳುಗಳನ್ನು ಕೆಳಕ್ಕೆ ಅದುಮುತ್ತದೆ. ಒತ್ತಿ ಇಳಿಸುವಾಗ ಈ ಹರಿವೇ ಇಲ್ಲ, ಬಲವೂ ಬಹಳ ಜಾಸ್ತಿ ಬೇಕು. ಸಡಿಲ ಉಸುಕಾದರೆ ಗೋಡೆಯ ಪಕ್ಕ ಬಿಗಿಯಾಗುತ್ತದೆ. ಮೊದಲೇ ಬಿಗಿಯಾಗಿದ್ದರೆ ಗೋಡೆ ಉಜ್ಜಿದಲ್ಲಿ ಹಿಗ್ಗಿ ಸಡಿಲಾಗುತ್ತದೆ. ನಾಳೆ ಅಲೆಯೂ ಗಾಳಿಯೂ ಕಂಬವನ್ನು ನೂಕಿದಾಗ ತಡೆದು ನಿಲ್ಲಬೇಕಾದದ್ದು ಈ ಬದಲಾದ ಉಸುಕೇ ಅಲ್ವಾ?

ಪಂಪು ಅವಸರ ಮಾಡಿದರೆ ಇನ್ನೂ ಕಷ್ಟ. ಒಳಗಿನ ಉಸುಕು ಉಬ್ಬಿ, ಪೂರ್ತಿ ಇಳಿಯುವ ಮೊದಲೇ ಮುಚ್ಚಳಕ್ಕೆ ತಾಗಿ ಬಕೆಟ್ ಅಲ್ಲೇ ನಿಲ್ಲಬಹುದು. ಇಲ್ಲವೇ ಏರುವ ನೀರಿಗೆ ಉಸುಕು ಕುದಿಯುವ ಹಾಗೆ ಎದ್ದು, ನೀರು ಅಡ್ಡದಾರಿ ಹಿಡಿಯಬಹುದು. ಆಗ ಹೀರುವ ಬಲವೇ ಹೋಗುತ್ತದೆ.

ಉಸುಕಿನ ಕಾಳು ಹೊರುವ ಭಾರ ಬೇರೆ, ನೀರಿನ ಒತ್ತಡ ಬೇರೆ ಎಂದು ಲೆಕ್ಕ ಹಾಕಲು ಕಲಿಸಿದವರು ಮಣ್ಣಿನ ಬಲ ಅಳೆಯುವ ಶಾಸ್ತ್ರ ಕಟ್ಟಿದ ಇಂಜಿನಿಯರ್ ಕಾರ್ಲ್ ಟೆರ್ಜಾಗಿ, 1920ರ ದಶಕದಲ್ಲಿ. ಕಂಪ್ಲಿ, ಸಿರುಗುಪ್ಪ ಕಡೆ ತುಂಗಭದ್ರೆಯ ಉಸುಕಿನಲ್ಲಿ ರಿಂಗ್ ಬಾವಿ ಇಳಿಸುವವರು ಇದನ್ನು ಪಾದದಲ್ಲೇ ಅರಿಯುತ್ತಾರೆ. ಮೋಟಾರು ಜೋರಾಗಿ ನೀರೆಳೆದಾಗ ರಿಂಗಿನೊಳಗೆ ಉಸುಕು ಗುಳುಗುಳು ಎದ್ದು ಕಾಲು ಹೂತುಹೋಗುತ್ತದೆ. ಹೊರಗೆ ದಂಡೆ ಕುಸಿಯುತ್ತದೆ. ಅನುಭವಸ್ಥ ಮೇಸ್ತ್ರಿ ಕೂಡಲೇ ಮೋಟಾರು ನಿಲ್ಲಿಸಿ, ನೀರು ಮತ್ತೆ ತುಂಬಲು ಬಿಡುತ್ತಾನೆ. ಆ ತಿಳಿವಳಿಕೆಗೆ ನಮ್ಮ ಎಸ್ಟಿಮೇಟಿನಲ್ಲಿ ಒಂದು ಸಾಲೂ ಇಲ್ಲ.

ನನ್ನ ಹೊಟ್ಟೆಯುರಿ ಇದೇ. ನಮ್ಮಲ್ಲಿ ಮಣ್ಣು ಪರೀಕ್ಷೆ ಎಂದರೆ ಕೆಲಸಕ್ಕೆ ಮೊದಲು ಒಂದು ಸಲ. ಕೆಲಸ ಮುಗಿದ ಮೇಲೆ ಆ ಮಣ್ಣು ಏನಾಯಿತು ಅಂತ ಕೇಳುವವರಿಲ್ಲ. ಬಳ್ಳಾರಿಯಲ್ಲಿ ನಮ್ಮ ಕಚೇರಿ ಮುಂದೆ ಪೈಪ್‌ಲೈನಿಗೆ ರಸ್ತೆ ಅಗೆದು, ಎರೆಮಣ್ಣನ್ನು ಹೆಂಟೆ ಹೆಂಟೆಯಾಗಿ ಸುಮ್ನೆ ಮೇಲಿಂದ ಸುರಿದು ಹೋದರು. ಪದರ ಪದರವಾಗಿ ಹಾಕಿ ದಮ್ಮಸು ಮಾಡಲಿಲ್ಲ. ಮೊದಲ ಮಳೆಗೇ ರಸ್ತೆ ಉದ್ದಕ್ಕೂ ಕುಸಿಯಿತು. ಕೇಳಿದರೆ, ಪೈಪು ಒಳ್ಳೆಯ ಕಂಪನಿಯದು ಎಂಬ ಉತ್ತರ!

ನೀವು ಕಲಿಯುವ ವಯಸ್ಸಿನವರು, ನಿಮಗೊಂದು ಕೆಲಸ ಹೇಳುತ್ತೇನೆ. ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ತೊಟ್ಟಿಗೆ ಹೊಳೆ ಉಸುಕು, ನೀರು ತುಂಬಿ. ತಳ ಕೊಯ್ದ ಡಬ್ಬಿಯನ್ನು ಒಮ್ಮೆ ಕೈಯಿಂದ ಒತ್ತಿ, ಇನ್ನೊಮ್ಮೆ ಮುಚ್ಚಳಕ್ಕೆ ಪೈಪು ಕೂರಿಸಿ ಹೀರಿ ಇಳಿಸಿ. ಎರಡು ಸಲವೂ ಒಳಗಿನ ಉಸುಕು ಎಷ್ಟು ಎದ್ದಿತು ಅಂತ ಸ್ಕೇಲು ಹಿಡಿದು ಅಳೆದು ಬರೆದು ಕಳಿಸಿ. ಚಿತ್ರ ಸಮೇತ ಅಚ್ಚು ಹಾಕುತ್ತೇವೆ.