ಕೇಳಿ, ಹೇಳುತ್ತೇನೆ: ಮಗ್ಗಿ ಆಟ ಡೆಬಿಯನ್‌ಗೆ ಸೇರುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಸಾಫ್ಟ್‌ವೇರ್ ಬಗ್ಗೆಯೇ ಇವೆ. ರಾಯಚೂರು, ಕೊಪ್ಪಳ ಕಡೆಯ ಶಾಲೆಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಇವಕ್ಕೇ ಪುಟ ಪೂರ್ತಿ ಬಿಟ್ಟುಕೊಟ್ಟಿದ್ದೇನೆ. ಹೊಸಬರಿಗೆ ಒಂದು ಮಾತು: ಡೆಬಿಯನ್ ಅಂದರೆ ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕುವ ಉಚಿತ ಲಿನಕ್ಸ್ ವ್ಯವಸ್ಥೆ, ಪ್ಯಾಕೇಜ್ ಅಂದರೆ ಅದರಲ್ಲಿ ಇನ್‌ಸ್ಟಾಲ್ ಮಾಡಲು ಸಿದ್ಧಪಡಿಸಿದ ಸಾಫ್ಟ್‌ವೇರ್ ಕಟ್ಟು. ಉಳಿದ ಪ್ರಶ್ನೆಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.

ಪ್ರಶ್ನೆ: ನಮ್ಮದು ಹಳ್ಳಿಯ ಪ್ರಾಥಮಿಕ ಶಾಲೆ. ದಾನಿಗಳು ಕೊಟ್ಟ ಆರು ಹಳೇ ಕಂಪ್ಯೂಟರ್ ಇವೆ. ಯಾರೋ ಬಂದು ಡೆಬಿಯನ್ ಹಾಕಿ, ಪೆನ್ ಡ್ರೈವಿನಿಂದ ಟಕ್ಸ್ ಪೇಂಟ್ ಹಾಕಿಕೊಟ್ಟು ಹೋದರು. ಮಕ್ಕಳು ಚಿತ್ರ ಬಿಡಿಸುತ್ತಾರೆ, ಆದರೆ ಸ್ಟಾಂಪ್ ಗುಂಡಿ ಕೆಲಸ ಮಾಡುವುದಿಲ್ಲ. ಎಲ್ಲ ಇಂಗ್ಲಿಷಿನಲ್ಲೇ ಇದೆ. ಇಂಟರ್ನೆಟ್ ಇಲ್ಲ. ಏನು ಮಾಡಲಿ?
(ಶಿಕ್ಷಕಿ, ಕುಷ್ಟಗಿ ತಾಲ್ಲೂಕು)

ಉತ್ತರ: ಮೇಡಂ, ಪ್ರೋಗ್ರಾಂ ಕೆಟ್ಟಿಲ್ಲ. ಡೆಬಿಯನ್‌ನಲ್ಲಿ ಟಕ್ಸ್ ಪೇಂಟ್ ಒಂದೇ ಪ್ಯಾಕೇಜ್ ಆಗಿ ಬರುವುದಿಲ್ಲ. ಪ್ರೋಗ್ರಾಂ ಒಂದು, ಅದರ ಚಿತ್ರ ಮತ್ತು ಕುಂಚಗಳು ಇನ್ನೊಂದು, ಸ್ಟಾಂಪುಗಳು (ಒತ್ತಿದರೆ ಹಾಳೆಯ ಮೇಲೆ ಬೀಳುವ ಸಿದ್ಧ ಚಿತ್ರಗಳು) ಮತ್ತೊಂದು, ಸೆಟ್ಟಿಂಗ್ ಬದಲಿಸುವ ಕಿಟಕಿ ಬೇರೆಯದು. ಇಂಟರ್ನೆಟ್ ಇದ್ದರೆ ಆಪ್ಟ್ ಎಂಬ ಆಜ್ಞೆ ಬೇಕಾದದ್ದನ್ನೆಲ್ಲ ತಾನೇ ಹುಡುಕಿ ತರುತ್ತದೆ. ನಿಮ್ಮಲ್ಲಿಗೆ ಬಂದವರು ಪ್ರೋಗ್ರಾಂ ಓಡಲು ಬೇಕೇ ಬೇಕಾದ ಫೈಲುಗಳನ್ನಷ್ಟೇ ತಂದಿದ್ದಾರೆ. ಸ್ಟಾಂಪುಗಳು ‘ಇದ್ದರೆ ಒಳ್ಳೆಯದು’ ಅನ್ನುವ ಪಟ್ಟಿಯಲ್ಲಿ ಇರುವುದರಿಂದ ಅಲ್ಲೇ ಉಳಿದಿವೆ. ಸ್ಟಾಂಪ್ ಇಲ್ಲದ ಟಕ್ಸ್ ಪೇಂಟ್ ಕೊಟ್ಟರೆ ಅರ್ಧ ಖುಷಿ ಕಿತ್ತುಕೊಂಡ ಹಾಗೆ. ಸಣ್ಣ ಮಕ್ಕಳು ಮೊದಲು ಒತ್ತುವುದೇ ಆ ಗುಂಡಿ.

ಪರಿಹಾರ ಇದೆ. ಆಪ್ಟ್-ಆಫ್‌ಲೈನ್ ಎಂಬ ಸಣ್ಣ ಪ್ರೋಗ್ರಾಂ ಡೆಬಿಯನ್‌ನಲ್ಲೇ ಸಿಗುತ್ತದೆ. ಅದನ್ನು ಪೆನ್ ಡ್ರೈವಿನಲ್ಲಿ ತಂದು ಶಾಲೆಯ ಕಂಪ್ಯೂಟರಿಗೆ ಹಾಕಿ ಓಡಿಸಿ, ಟಕ್ಸ್ ಪೇಂಟ್ ಸ್ಟಾಂಪ್ ಬೇಕು, ಕಾನ್ಫಿಗ್ (ಸೆಟ್ಟಿಂಗ್ ಬದಲಿಸುವ ಆ ಕಿಟಕಿ) ಬೇಕು, ಕನ್ನಡ ಫಾಂಟ್ ಬೇಕು ಎಂದು ಹೇಳಿದರೆ, ಆ ಕಂಪ್ಯೂಟರಿನಲ್ಲಿ ಏನಿದೆ ಏನಿಲ್ಲ ನೋಡಿ ಒಂದು ಚೀಟಿ ಬರೆದುಕೊಡುತ್ತದೆ. ಆ ಚೀಟಿಯ ಫೈಲನ್ನು ಪೆನ್ ಡ್ರೈವಿನಲ್ಲಿ ಕುಷ್ಟಗಿಗೆ ಒಯ್ದು, ಇಂಟರ್ನೆಟ್ ಇರುವ ಕಂಪ್ಯೂಟರಿನಲ್ಲಿ ಅದೇ ಪ್ರೋಗ್ರಾಂಗೆ ಕೊಡಿ. ಎಲ್ಲವನ್ನೂ ಇಳಿಸಿ ಒಂದು ಜಿಪ್ ಮಾಡುತ್ತದೆ. ಅದನ್ನು ತಂದು ಶಾಲೆಯಲ್ಲಿ ಇನ್‌ಸ್ಟಾಲ್ ಮಾಡಿ. ಆರೂ ಕಂಪ್ಯೂಟರಿನಲ್ಲಿ ಒಂದೇ ರೀತಿ ಡೆಬಿಯನ್ ಇದ್ದರೆ ಒಂದೇ ಜಿಪ್ ಸಾಕು. ಆಮೇಲೆ ಟಕ್ಸ್ ಪೇಂಟ್ ಕಾನ್ಫಿಗ್ ತೆರೆದು, ಭಾಷೆಯ ಪುಟದಲ್ಲಿ ಕನ್ನಡ ಆರಿಸಿ ಉಳಿಸಿ. ಕನ್ನಡ ಅನುವಾದ ಅದರಲ್ಲಿ ಆಗಲೇ ಇದೆ.

ಜಿಕಾಂಪ್ರಿಯನ್ನೂ ಹಾಕಿಸಿಕೊಳ್ಳಿ. 2ರಿಂದ 10 ವರ್ಷದ ಮಕ್ಕಳಿಗೆ ಎಣಿಸುವುದು, ಮೌಸ್ ಹಿಡಿಯುವುದು, ಗಡಿಯಾರ ನೋಡುವುದು ಇಂಥ ನೂರಕ್ಕೂ ಜಾಸ್ತಿ ಚಟುವಟಿಕೆ ಅದರಲ್ಲಿವೆ. ಒಂದು ವಿಷಯ ಗಮನದಲ್ಲಿರಲಿ: ಅದರ ಧ್ವನಿಗಳು ಪ್ಯಾಕೇಜಿನ ಜೊತೆ ಪೂರ್ತಿ ಬರುವುದಿಲ್ಲ, ಓಡಿಸಿದ ಮೇಲೆ ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ನೆಟ್ ಇರುವ ಕಡೆ ಒಮ್ಮೆ ಓಡಿಸಿ, ಹೋಮ್ ಫೋಲ್ಡರಿನ ಒಳಗೆ ಅಡಗಿರುವ ಕ್ಯಾಶ್ ಫೋಲ್ಡರಿನಿಂದ ಅವನ್ನು ನಕಲು ಮಾಡಿಕೊಂಡು ಹೋಗಿ.

ಕಂಪ್ಯೂಟರ್ ತುಂಬಾ ಹಳೆಯದಾಗಿ 32 ಬಿಟ್ ಆಗಿದ್ದರೆ ಡೆಬಿಯನ್ 12ರಲ್ಲೇ ಇರಿ. ಆಗಸ್ಟ್ 2025ರಲ್ಲಿ ಬಂದ ಡೆಬಿಯನ್ 13ಕ್ಕೆ 32 ಬಿಟ್ ಇನ್‌ಸ್ಟಾಲರ್ ಇಲ್ಲ.

ಪ್ರಶ್ನೆ: ಫ್ಲ್ಯಾಟ್‌ಪ್ಯಾಕ್ ಇರುವಾಗ ಈ ಡೆಬ್ ಪ್ಯಾಕೇಜಿನ ತಲೆನೋವು ಯಾಕೆ ಸರ್?
(ಒಬ್ಬ ಓದುಗರು, ಸಿಂಧನೂರು)

ಉತ್ತರ: ಡೆಬ್ ಅಂದರೆ ಡೆಬಿಯನ್‌ನದೇ ಪ್ಯಾಕೇಜ್, ಫ್ಲ್ಯಾಟ್‌ಪ್ಯಾಕ್ ಅಂದರೆ ಬೇರೆ ಬೇರೆ ಲಿನಕ್ಸ್‌ಗಳಿಗೂ ಹೊಂದುವ ಪ್ಯಾಕೇಜ್. ಮನೆಯಲ್ಲಿ ಒಳ್ಳೆ ಇಂಟರ್ನೆಟ್ ಇದ್ದರೆ ಫ್ಲ್ಯಾಟ್‌ಪ್ಯಾಕ್ ಬಳಸಿ, ಹೊಸ ಆವೃತ್ತಿ ಬೇಗ ಸಿಗುತ್ತದೆ. ಆದರೆ ಅದು ತನಗೆ ಬೇಕಾದ ರನ್‌ಟೈಮ್ (ಓಡಲು ಬೇಕಾದ ಲೈಬ್ರರಿಗಳ ಗಂಟು) ಕೂಡ ತರುತ್ತದೆ. ಅದೇ ನೂರಾರು ಎಂಬಿ ಆಗುತ್ತದೆ. ಶಾಲೆಯ ಕಂಪ್ಯೂಟರಿಗೆ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಅಷ್ಟು ಇಳಿಸುವಷ್ಟರಲ್ಲಿ ಕರೆಂಟ್ ಹೋಗಿರುತ್ತದೆ. ಶಾಲೆಗೆ ಡೆಬ್ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ತಂಗಿಗೆ ಅಂತ ಪೈಥಾನ್ ಭಾಷೆ ಮತ್ತು ಆಟ ಮಾಡುವ ಪೈಗೇಮ್ ಲೈಬ್ರರಿ ಬಳಸಿ ಕನ್ನಡ ಮಗ್ಗಿ ಆಟ ಮಾಡಿದ್ದೇನೆ. ಡೆಬಿಯನ್‌ಗೆ ಸೇರಿಸುವ ಆಸೆ. ಆದರೆ ‘ಇಪ್ಪತ್ತು’ ಎಂದು ಬರೆದರೆ ಒತ್ತಕ್ಷರ ಬಿಡಿಬಿಡಿಯಾಗಿ ಬರುತ್ತದೆ. ಗೆಳೆಯನ ಲ್ಯಾಪ್‌ಟಾಪಿನಲ್ಲಿ ಅಕ್ಷರವೇ ಇಲ್ಲ, ಬರೀ ಚೌಕ. ಎಲ್ಲಿಂದ ಶುರು ಮಾಡಲಿ?
(ವಿದ್ಯಾರ್ಥಿ, ರಾಯಚೂರು)

ಉತ್ತರ: ತಮ್ಮಾ, ನಿನ್ನ ಪತ್ರ ಓದಿ ತುಂಬಾ ಸಂತೋಷವಾಯಿತು. ನಮ್ಮ ಕಡೆಯಿಂದ ಇಂಥ ಕೆಲಸಕ್ಕೆ ಕೈ ಹಾಕುವವರು ಬೇಕು. ಪತ್ರದಲ್ಲಿ ಎರಡು ತೊಂದರೆ ಇವೆ, ಎರಡಕ್ಕೂ ಕಾರಣ ಬೇರೆ ಬೇರೆ.

ಚೌಕ ಕಾಣಿಸುವುದು ಫಾಂಟ್ ಇಲ್ಲದ್ದಕ್ಕೆ. ನಿನ್ನ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇದೆ, ಗೆಳೆಯನಲ್ಲಿ ಇಲ್ಲ. ಪ್ಯಾಕೇಜಿನ ಕಂಟ್ರೋಲ್ ಫೈಲಿನಲ್ಲಿ ‘ಇದು ಓಡಲು ಇವೆಲ್ಲ ಬೇಕು’ ಎಂಬ ಸಾಲು ಇರುತ್ತದೆ. ಅಲ್ಲಿ ಕನ್ನಡ ಫಾಂಟಿನ ಪ್ಯಾಕೇಜಿನ ಹೆಸರು ಬರೆದುಬಿಡು. ಗುಬ್ಬಿ, ನವಿಲು, ಲೋಹಿತ್ ಮೂರೂ ಡೆಬಿಯನ್‌ನಲ್ಲಿವೆ. ಆಗ ಆಟ ಹಾಕಿಕೊಂಡವರಿಗೆ ಫಾಂಟ್ ತಾನಾಗಿಯೇ ಬರುತ್ತದೆ. ಪ್ಯಾಕೇಜ್ ಮಾಡುವುದರಿಂದ ನಮ್ಮ ಮಕ್ಕಳಿಗೆ ಆಗುವ ದೊಡ್ಡ ಉಪಕಾರ ಇದೇ ಅಂತ ನನಗೆ ಅನಿಸುತ್ತದೆ. ಮಾಸ್ತರಿಗೆ ಫಾಂಟ್ ಅಂದರೆ ಏನು ಅಂತ ಗೊತ್ತಿರಬೇಕಾಗಿಲ್ಲ.

ಒತ್ತಕ್ಷರ ಒಡೆಯುವುದು ಬೇರೆ ಕಥೆ. ಪ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ), ಪ ಮೂರನ್ನೂ ಸೇರಿಸಿ ‘ಪ್ಪ’ ಮಾಡುವ ಕೆಲಸ ಹಾರ್ಫ್‌ಬಜ್ ಎಂಬ ಲೈಬ್ರರಿಯದು. ಪೈಗೇಮ್‌ಗೆ ‘ಇದು ಕನ್ನಡ ಲಿಪಿ’ ಎಂದು ಹೇಳದಿದ್ದರೆ ಅದು ಸರಿಯಾಗಿ ಜೋಡಿಸುವುದಿಲ್ಲ. ಫಾಂಟಿಗೆ ಲಿಪಿ ಯಾವುದು ಎಂದು ಹೇಳುವ ‘ಸೆಟ್ ಸ್ಕ್ರಿಪ್ಟ್’ ಎಂಬ ಸೌಲಭ್ಯ ಪೈಗೇಮ್ 2.2ರಿಂದ ಬಂದಿದೆ. ಕನ್ನಡ ಲಿಪಿಗೆ ನಾಲ್ಕಕ್ಷರದ ಅಂತರರಾಷ್ಟ್ರೀಯ ಸಂಕೇತ ಇದೆ, ಅದನ್ನು ಕೊಡು. ಆಮೇಲೆ ಕಂಟ್ರೋಲ್ ಫೈಲಿನಲ್ಲಿ ಪೈಗೇಮ್ 2.2 ಅಥವಾ ಅದಕ್ಕಿಂತ ಹೊಸದು ಬೇಕು ಎಂದೂ ಬರೆ. ಬರೀ ‘ಇಪ್ಪತ್ತು’ ನೋಡಿ ಬಿಟ್ಟುಬಿಡಬೇಡ. ‘ಎಪ್ಪತ್ತೆರಡು’, ‘ಎಂಬತ್ನಾಲ್ಕು’ ಎರಡನ್ನೂ ಬರೆದು ನೋಡು. ‘ತ್ನಾ’ ಸರಿಯಾಗಿ ಬಂದರೆ ಧೈರ್ಯವಾಗಿ ಮುಂದೆ ಹೋಗು.

ಈಗ ಪ್ಯಾಕೇಜ್ ವಿಷಯ. ಕೋಡ್ ಇರುವ ಫೋಲ್ಡರಿನೊಳಗೆ ಡೆಬಿಯನ್ ಎಂಬ ಇನ್ನೊಂದು ಫೋಲ್ಡರ್ ಮಾಡಬೇಕು. ಅದರಲ್ಲಿ ಮುಖ್ಯವಾಗಿ ನಾಲ್ಕು ಫೈಲ್: ಕಂಟ್ರೋಲ್, ರೂಲ್ಸ್, ಚೇಂಜ್‌ಲಾಗ್, ಕಾಪಿರೈಟ್. ಡೆಬ್‌ಹೆಲ್ಪರ್ ಎಂಬ ಸಹಾಯಕ ಸಾಧನ ಬಳಸಿದರೆ ರೂಲ್ಸ್ ಫೈಲ್ ಕೆಲವೇ ಸಾಲಿನಲ್ಲಿ ಮುಗಿಯುತ್ತದೆ. ನೀನು ಜಾಸ್ತಿ ಹೊತ್ತು ಕೂರಬೇಕಾದದ್ದು ಕಾಪಿರೈಟ್ ಫೈಲಿನ ಮುಂದೆ. ಯಾಕೆ ಅಂದರೆ ಡೆಬಿಯನ್‌ಗೆ ಮೊದಲ ಸಲ ಬರುವ ಪ್ಯಾಕೇಜನ್ನು ಆರ್ಕೈವ್ ನೋಡಿಕೊಳ್ಳುವ ತಂಡದವರು ಕೈಯಾರೆ ತೆರೆದು, ಪ್ರತಿ ಫೈಲಿನ ಲೈಸೆನ್ಸ್ ನೋಡುತ್ತಾರೆ. ಕೋಡ್ ನಿನ್ನದು, ಜಿಪಿಎಲ್ (ಒಂದು ಮುಕ್ತ ಲೈಸೆನ್ಸ್) ಅಂತ ಬರೆದರೆ ಆಯಿತು. ಆನೆಯ ಚಿತ್ರ ಯಾರದು? ಸರಿ ಉತ್ತರಕ್ಕೆ ಬರುವ ಚಪ್ಪಾಳೆ ಸದ್ದು ಎಲ್ಲಿಂದ ಬಂತು? ಗೂಗಲ್‌ನಲ್ಲಿ ಸಿಕ್ಕಿತು, ಸಿನಿಮಾದಿಂದ ಕತ್ತರಿಸಿದೆ ಅಂದರೆ ಪ್ಯಾಕೇಜ್ ವಾಪಸ್ ಬರುತ್ತದೆ. ಕ್ರಿಯೇಟಿವ್ ಕಾಮನ್ಸ್ ಅಂದ ಕೂಡಲೇ ಎಲ್ಲವೂ ನಡೆಯುವುದಿಲ್ಲ. ‘ವ್ಯಾಪಾರಕ್ಕೆ ಬಳಸಬಾರದು’ ಎಂಬ ಷರತ್ತಿದ್ದರೆ ಡೆಬಿಯನ್ ಒಪ್ಪುವುದಿಲ್ಲ. ಹೆಸರು ಹೇಳಿ ಬಳಸಿ, ಅದೇ ಷರತ್ತಿನಲ್ಲಿ ಹಂಚಿ ಎನ್ನುವ ಲೈಸೆನ್ಸ್ ಆದರೆ ನಡೆಯುತ್ತದೆ.

ಸದ್ದು, ಚಿತ್ರ ನೀನೇ ಮಾಡಿಬಿಡು, ಅದೇ ಸುಲಭ. ಅಜ್ಜಿ ಇದ್ದರೆ ‘ಎರಡೊಂದ್ಲ ಎರಡು, ಎರಡೆರಡ್ಲ ನಾಕು’ ಅಂತ ಅವರ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡು. ಅವರ ಒಪ್ಪಿಗೆ ಕೇಳಿ, ಹೆಸರನ್ನು ಕಾಪಿರೈಟ್ ಫೈಲಿನಲ್ಲಿ ಹಾಕು.

ಇನ್ನೊಂದು ತೊಡಕು ಇಂಥ ಆಟಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಮಗು ಗಳಿಸಿದ ಅಂಕವನ್ನು ಆಟ ತನ್ನದೇ ಫೋಲ್ಡರಿನಲ್ಲಿ ಬರೆದುಕೊಳ್ಳುತ್ತದೆ. ನಿನ್ನ ಕಂಪ್ಯೂಟರಿನಲ್ಲಿ ಅದು ನಡೆಯುತ್ತದೆ. ಪ್ಯಾಕೇಜ್ ಆದ ಮೇಲೆ ಆಟ ಸಿಸ್ಟಂ ಫೋಲ್ಡರಿನಲ್ಲಿ ಕೂರುತ್ತದೆ, ಅಲ್ಲಿ ಬರೆಯಲು ಮಗುವಿನ ಲಾಗಿನ್‌ಗೆ ಅನುಮತಿ ಇರುವುದಿಲ್ಲ. ಆಟ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಅಂಕವನ್ನು ಮಗುವಿನ ಹೋಮ್ ಫೋಲ್ಡರಿನಲ್ಲಿ ಉಳಿಸು. ಮೆನುವಿನಲ್ಲಿ ಆಟದ ಹೆಸರು ಕನ್ನಡದಲ್ಲೇ ಬರುವ ಹಾಗೆ ಡೆಸ್ಕ್‌ಟಾಪ್ ಫೈಲಿನಲ್ಲಿ ಕನ್ನಡ ಸಾಲನ್ನೂ ಸೇರಿಸು. ‘ಶಿಕ್ಷಣ’ ವಿಭಾಗಕ್ಕೆ ಹಾಕು.

ಎಲ್ಲ ಆದ ಮೇಲೆ ಪ್ಯಾಕೇಜ್ ತಪಾಸಣೆ ಮಾಡುವ ಲಿಂಟಿಯನ್ ಪ್ರೋಗ್ರಾಂ ಓಡಿಸು. ತಪ್ಪುಗಳನ್ನು ಒಂದೊಂದಾಗಿ ತೋರಿಸುತ್ತದೆ. ಡೆಬಿಯನ್‌ನ ಬಗ್ ಪಟ್ಟಿಯಲ್ಲಿ ‘ಇದನ್ನು ನಾನು ಪ್ಯಾಕೇಜ್ ಮಾಡಬೇಕೆಂದಿದ್ದೇನೆ’ ಎಂದು ದಾಖಲಿಸಬೇಕು, ಇದನ್ನು ಐಟಿಪಿ ಅನ್ನುತ್ತಾರೆ. ಇದನ್ನು ಮೊದಲೇ ಮಾಡಿಟ್ಟರೂ ಒಳ್ಳೆಯದು, ಒಂದೇ ಕೆಲಸ ಇಬ್ಬರು ಮಾಡುವುದು ತಪ್ಪುತ್ತದೆ. ನೇರವಾಗಿ ಸೇರಿಸುವ ಹಕ್ಕು ಹೊಸಬರಿಗೆ ಇರುವುದಿಲ್ಲ. ಪ್ಯಾಕೇಜನ್ನು ಡೆಬಿಯನ್ ಮೆಂಟರ್ಸ್ ತಾಣಕ್ಕೆ ಏರಿಸಿ, ಡೆಬಿಯನ್ ಡೆವಲಪರ್ ಒಬ್ಬರನ್ನು ಸ್ಪಾನ್ಸರ್ ಆಗುವಂತೆ, ಅಂದರೆ ನಿನ್ನ ಪರವಾಗಿ ಸೇರಿಸುವಂತೆ ಕೇಳಬೇಕು. ಶಾಲೆಗಳಿಗೆಂದೇ ಇರುವ ಡೆಬಿಯನ್ ಎಜು, ಮಕ್ಕಳಿಗೆಂದೇ ಇರುವ ಡೆಬಿಯನ್ ಜೂನಿಯರ್ ತಂಡಗಳಿಗೂ ಬರೆ. ಅವರು ಕೇಳುವ ತಿದ್ದುಪಡಿ ಕಿರಿಕಿರಿ ಅನಿಸಬಹುದು. ಮಾಡಿಕೊಡು. ಒಮ್ಮೆ ಸೇರಿತು ಅಂದರೆ ಉಬುಂಟು, ಮಿಂಟ್‌ನಂಥ ಬೇರೆ ಲಿನಕ್ಸ್‌ಗಳಿಗೂ ಅಲ್ಲಿಂದಲೇ ಹರಿದು ಹೋಗುತ್ತದೆ. ನೀನು ಓದು ಮುಗಿಸಿ ಬೆಂಗಳೂರಿಗೋ ಹೈದರಾಬಾದಿಗೋ ಹೋದರೂ, ದೇವದುರ್ಗದ ಶಾಲೆಯಲ್ಲಿ ಹೊಸ ಕಂಪ್ಯೂಟರ್ ಬಂದಾಗ ಆಟ ಅಲ್ಲೇ ಸಿಗುತ್ತದೆ. ಪೆನ್ ಡ್ರೈವಿನಲ್ಲಿ ಹಂಚಿದ ಆಟಕ್ಕೆ ಆ ಭಾಗ್ಯ ಇಲ್ಲ. ಕೊಟ್ಟವನು ಊರು ಬಿಟ್ಟ ಮೇಲೆ ಅದರ ತಪ್ಪು ತಿದ್ದುವವರೂ ಇರುವುದಿಲ್ಲ.

ಪ್ರಶ್ನೆ: ಮಗಳು ಮೊಬೈಲಿನಲ್ಲಿ ಎಬಿಸಿಡಿ ಆಟ ಆಡುವಾಗ ನಡುನಡುವೆ ಏನೇನೋ ಜಾಹೀರಾತು ಬರುತ್ತವೆ. ನೀವು ಹೇಳುವ ಉಚಿತ ಸಾಫ್ಟ್‌ವೇರ್‌ಗಳೂ ಹೀಗೇನಾ? ಪುಕ್ಕಟೆ ಕೊಟ್ಟು ಅವರಿಗೇನು ಲಾಭ?
(ತಂದೆ, ಬಳ್ಳಾರಿ)

ಉತ್ತರ: ಇಲ್ಲ, ಇವುಗಳಲ್ಲಿ ಜಾಹೀರಾತು ಇಲ್ಲ. ಟಕ್ಸ್ ಪೇಂಟನ್ನು 2002ರಲ್ಲಿ ಬಿಲ್ ಕೆಂಡ್ರಿಕ್ ಶುರು ಮಾಡಿದರು, ಜಿಕಾಂಪ್ರಿಯನ್ನು 2000ದಲ್ಲಿ ಫ್ರಾನ್ಸಿನ ಬ್ರೂನೋ ಕುದ್ವಾಂ. ಇಂದಿಗೂ ಬೇರೆ ಬೇರೆ ದೇಶದ ಜನ ಬಿಡುವಿನಲ್ಲಿ ಅವನ್ನು ಬೆಳೆಸುತ್ತಿದ್ದಾರೆ. ಅವರಲ್ಲೂ ಶಿಕ್ಷಕರು, ಅಪ್ಪ ಅಮ್ಮಂದಿರು ಇದ್ದಾರೆ. ಅವರ ಮಕ್ಕಳಿಗೆ ಬೇಕಾದದ್ದನ್ನು ಮಾಡಿ ನಮ್ಮ ಮಕ್ಕಳಿಗೂ ಕೊಟ್ಟಿದ್ದಾರೆ. ಕೋಡ್ ಎಲ್ಲರಿಗೂ ತೆರೆದಿರುತ್ತದೆ, ಪ್ಯಾಕೇಜ್ ಮಾಡುವವರೂ ಅದನ್ನು ನೋಡಿರುತ್ತಾರೆ. ನನ್ನ ಮಾತು ಕೇಳುವುದಾದರೆ, ಮೊಬೈಲ್ ಪಕ್ಕಕ್ಕಿಟ್ಟು ಮನೆಯ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಮಗಳ ಪಕ್ಕದಲ್ಲಿ ನೀವೂ ಕೂತು ಆಡಿಸಿ.

ಪ್ರಶ್ನೆ: ಟಕ್ಸ್ ಪೇಂಟ್ ಸ್ಟಾಂಪುಗಳಲ್ಲಿ ನಮ್ಮ ಕಿನ್ನಾಳದ ಗೊಂಬೆಗಳನ್ನು ಸೇರಿಸಬಹುದಾ? ನಾನು ಫೋಟೋ ತೆಗೆಯುತ್ತೇನೆ. ಪ್ರೋಗ್ರಾಮಿಂಗ್ ಬರುವುದಿಲ್ಲ.
(ಯುವಕ, ಕೊಪ್ಪಳ)

ಉತ್ತರ: ಖಂಡಿತ ಸೇರಿಸಬಹುದು, ಪ್ರೋಗ್ರಾಮಿಂಗ್ ಬೇಕಾಗಿಲ್ಲ. ಕಿನ್ನಾಳದ ಗರುಡನ ಕೆಂಪು ಹಸಿರು ಬಣ್ಣ ಮಕ್ಕಳ ಪರದೆಯ ಮೇಲೆ ಬರುವುದನ್ನು ನೋಡುವ ಆಸೆ ನನಗೂ ಇದೆ.

ಒಂದು ಸ್ಟಾಂಪಿಗೆ ಒಂದೇ ಹೆಸರಿನ ಕೆಲವು ಫೈಲು ಬೇಕು. ಮೊದಲನೆಯದು ಚಿತ್ರ: ಪಿಎನ್‌ಜಿ, ಗೊಂಬೆಯ ಸುತ್ತ ಹಿನ್ನೆಲೆ ಏನೂ ಇರಬಾರದು, ಗಿಂಪ್ ಎಂಬ ಚಿತ್ರ ತಿದ್ದುವ ಪ್ರೋಗ್ರಾಂನಲ್ಲಿ ಅಳಿಸಿಬಿಡಿ. ಎರಡನೆಯದು ಟೆಕ್ಸ್ಟ್ ಫೈಲ್: ಮೊದಲ ಸಾಲಿನಲ್ಲಿ ಇಂಗ್ಲಿಷ್ ಹೆಸರು, ಕೆಳಗೆ ಒಂದೊಂದು ಭಾಷೆಗೆ ಒಂದೊಂದು ಸಾಲು. ಕನ್ನಡದ ಸಂಕೇತ ಬರೆದು, ಸಮ ಚಿಹ್ನೆ ಹಾಕಿ, ‘ಕಿನ್ನಾಳದ ಗರುಡ’ ಎಂದು ಬರೆದರೆ ಸಾಕು. ತೆಲುಗು ಸಾಲನ್ನೂ ಸೇರಿಸಿ, ನಮ್ಮ ಕಡೆ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ಬಹಳ. ಯಾವ ಭಾಷೆಗೆ ಯಾವ ಸಂಕೇತ ಎಂದು ಈಗಾಗಲೇ ಇರುವ ಸ್ಟಾಂಪುಗಳ ಟೆಕ್ಸ್ಟ್ ಫೈಲ್ ತೆರೆದರೆ ಗೊತ್ತಾಗುತ್ತದೆ. ಮೂರನೆಯದು ಧ್ವನಿ, ಓಜಿಜಿ ಫೈಲ್. ಮಗು ಸ್ಟಾಂಪ್ ಆರಿಸಿದಾಗ ಆ ಹೆಸರನ್ನು ಓದಿ ಹೇಳುತ್ತದೆ. ಗೊಂಬೆಯ ಮೇಲೆ ಅಕ್ಷರ ಇದ್ದರೆ ಇನ್ನೊಂದು ಸಣ್ಣ ಫೈಲಿನಲ್ಲಿ ‘ತಿರುಗಿಸಬೇಡ’ ಎಂದು ಸೂಚಿಸಬಹುದು, ಇಲ್ಲದಿದ್ದರೆ ಮಕ್ಕಳು ಕನ್ನಡಿಯ ಹಾಗೆ ತಿರುಗಿಸಿದಾಗ ಅಕ್ಷರದ ಎಡ ಬಲ ಅದಲುಬದಲಾಗುತ್ತದೆ.

ಗೊಂಬೆ ಮಾಡಿದ ಕಲಾವಿದರ ಒಪ್ಪಿಗೆ ಕಾಗದದ ಮೇಲೆ ತೆಗೆದುಕೊಳ್ಳಿ. ಫೋಟೋ ನಿಮ್ಮದು, ಆದರೆ ಕೈಕೆಲಸ ಅವರದು. ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು ಎಂಬ ಲೈಸೆನ್ಸಿನಲ್ಲಿ ಇದನ್ನು ಬಿಡುತ್ತೇವೆ ಎನ್ನುವುದನ್ನು ಅವರಿಗೆ ಬಿಡಿಸಿ ಹೇಳಿ. ಬೇಡ ಅಂದರೆ ಬಿಡಿ. ಒಪ್ಪಿದರೆ ಅವರ ಹೆಸರು ಪ್ಯಾಕೇಜಿನಲ್ಲಿ ಇರಲೇಬೇಕು.

ಪ್ಯಾಕೇಜ್ ಆಮೇಲೆ ಮಾಡಿದರಾಯಿತು, ಮೇಲಿನ ರಾಯಚೂರಿನ ತಮ್ಮನಂಥವರು ಮಾಡಿಕೊಡುತ್ತಾರೆ. ಸದ್ಯಕ್ಕೆ ಐದಾರು ಗೊಂಬೆ ಸಾಕು. ಹೋಮ್ ಫೋಲ್ಡರಿನಲ್ಲಿ ಟಕ್ಸ್ ಪೇಂಟಿನ ಅಡಗಿದ ಫೋಲ್ಡರ್ ಇದೆ. ಅದರೊಳಗೆ ಸ್ಟಾಂಪ್ಸ್ ಎಂಬ ಫೋಲ್ಡರ್ ಮಾಡಿ ಇವನ್ನು ಹಾಕಿದರೆ ಇವತ್ತೇ ಓಡುತ್ತದೆ. ಹತ್ತಿರದ ಶಾಲೆಯ ಮಕ್ಕಳ ಕೈಗೆ ಕೊಟ್ಟು ನೋಡಿ. ಧ್ವನಿ ರೆಕಾರ್ಡ್ ಮಾಡುವುದನ್ನು ಬೆಳಗಿನ ಜಾವ ಇಟ್ಟುಕೊಳ್ಳಿ. ಹೊತ್ತೇರಿದರೆ ಸೆಖೆಗೆ ಫ್ಯಾನ್ ಹಾಕದೆ ಆಗುವುದಿಲ್ಲ, ಅದರ ಸದ್ದು ಪೂರ್ತಿ ಮೈಕಿಗೆ ಬರುತ್ತದೆ.