ಹತ್ತನೆಯವನಿಗಾಗಿ ಕಾದ ಸಂಜೆ

ಪ್ರಶ್ನೆ: ಅಕ್ಕಾ, ಕಳೆದ ತಿಂಗಳು ಮಕ್ಕಳನ್ನು ಕರಕೊಂಡು ಕೊಚ್ಚಿಗೆ ಹೋಗಿದ್ದೆ. ಮಟ್ಟಾಂಚೇರಿಯ ಯಹೂದಿ ಸಿನಗಾಗ್ ನೋಡಿದೆವು. ಹತ್ತು ಗಂಡಸರು ಸೇರದಿದ್ದರೆ ಅಲ್ಲಿ ಪೂರ್ತಿ ಪ್ರಾರ್ಥನೆ ನಡೆಯುವುದಿಲ್ಲ ಎಂದು ಗೈಡ್ ಹೇಳಿದರು. ಒಬ್ಬರೇ ಕೂತು ಬೇಡಿಕೊಂಡರೆ ದೇವರು ಕೇಳೋದಿಲ್ವಾ? ಮನಸ್ಸಿಗೆ ಒಂಥರಾ ಆಯಿತು.
– ಓದುಗಿ, ಬದಿಯಡ್ಕ

ಉತ್ತರ: ಕೇಳುತ್ತಾನೆ ತಂಗಿ. ಯಹೂದಿಗಳೂ ಹಾಗೇ ನಂಬುತ್ತಾರೆ. ದಿನಕ್ಕೆ ಮೂರು ಹೊತ್ತಿನ ಪ್ರಾರ್ಥನೆಯನ್ನು ಮನೆಯಲ್ಲಿ ಒಬ್ಬರೇ ಹೇಳಬಹುದು. ಆದರೆ ಕೆಲವು ಭಾಗಗಳಿಗೆ ಮಾತ್ರ ಹತ್ತು ಜನ ಇರಲೇಬೇಕು. ಆ ಹತ್ತರ ಕೂಟಕ್ಕೆ ಮಿನ್ಯಾನ್ ಎನ್ನುತ್ತಾರೆ. 13 ವರ್ಷ ತುಂಬಿದವರು ಲೆಕ್ಕಕ್ಕೆ ಬರುತ್ತಾರೆ. ಹಳೆಯ ಸಂಪ್ರದಾಯದವರು ಗಂಡಸರನ್ನಷ್ಟೇ ಎಣಿಸುತ್ತಾರೆ. ಬೇರೆ ಕೆಲವು ಪಂಗಡಗಳಲ್ಲಿ ಹೆಂಗಸರನ್ನೂ ಎಣಿಸುತ್ತಾರೆ. ಮಿನ್ಯಾನ್ ಇಲ್ಲದೆ ತೋರಾ ಎಂಬ ಅವರ ಧರ್ಮಗ್ರಂಥದ ಸುರುಳಿಯನ್ನು ತೆರೆದು ಸಭೆಯಲ್ಲಿ ಓದುವಂತಿಲ್ಲ. ಕದ್ದೀಶ್ ಹೇಳುವಂತಿಲ್ಲ.

ನನಗೆ ಈ ಕದ್ದೀಶ್ ಬಗ್ಗೆಯೇ ಜಾಸ್ತಿ ಹೇಳಬೇಕು ಅನ್ನಿಸುತ್ತದೆ. ಅಪ್ಪನೋ ಅಮ್ಮನೋ ತೀರಿಕೊಂಡರೆ ಮಗ 11 ತಿಂಗಳು ದಿನವೂ ಹೇಳುವ ಪ್ರಾರ್ಥನೆ ಇದು. ಆಮೇಲೆ ವರ್ಷಕ್ಕೊಮ್ಮೆ, ಅವರು ಹೋದ ತಿಥಿಯ ದಿನ. ಇಡೀ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ! ಮೊದಲಿನಿಂದ ಕೊನೆವರೆಗೆ ದೇವರ ಸ್ತುತಿ. ದುಃಖದಲ್ಲಿರುವವನು ಎದ್ದು ನಿಂತು ಅದನ್ನು ಹೇಳುತ್ತಾನೆ, ಸುತ್ತ ಇರುವವರು ‘ಆಮೇನ್’ ಎನ್ನುತ್ತಾರೆ. ಆ ಆಮೇನ್‌ಗೆ ಜನ ಬೇಕು. ಹೆಣ ಎತ್ತಲು ನಾಲ್ಕು ಹೆಗಲು ಬೇಕು ಎಂದು ನಾವೂ ಹೇಳುತ್ತೇವಲ್ಲ, ಹಾಗೆ.

1984ರಲ್ಲಿ ನಾವು ಮಟ್ಟಾಂಚೇರಿಯಲ್ಲಿ ಬಾಡಿಗೆಗಿದ್ದೆವು. ನಮ್ಮವರು ಕಾಳುಮೆಣಸಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಒಂದು ಸಂಜೆ ತರಕಾರಿ ಚೀಲ ಹಿಡಿದು ಬರುವಾಗ ಸಿನಗಾಗ್ ಬೀದಿಯ ಮುದುಕರೊಬ್ಬರು ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದರು. ಅಂದು ಅವರ ಅಪ್ಪನ ತಿಥಿ. ಒಳಗೆ ಒಂಬತ್ತು ಜನ ಇದ್ದರು. ಅಷ್ಟರಲ್ಲಿ ಬೆನ್ನಿಗೆ ಚೀಲ ಹಾಕಿದ ವಿದೇಶಿ ಹುಡುಗನೊಬ್ಬ ಬಂದ. ಮುದುಕರು ಓಡಿಹೋಗಿ, ‘ನೀನು ಯಹೂದಿಯೇ?’ ಎಂದು ಕೇಳಿದರು. ಹೌದು, ಆದರೆ ಪ್ರಾರ್ಥನೆ ಗೊತ್ತಿಲ್ಲ ಎಂದ. ‘ಗೊತ್ತಿರಬೇಕಾಗಿಲ್ಲ ಮಗನೇ, ಬಂದು ನಿಂತರೆ ಸಾಕು’ ಎಂದು ಕೈ ಹಿಡಿದು ಒಳಗೆ ಕರಕೊಂಡು ಹೋದರು. ಸ್ವಲ್ಪ ಹೊತ್ತಿಗೆ ‘ಆಮೇನ್’ ಕೇಳಿಸಿತು. ನಾನು ಬೀದಿಯಲ್ಲೇ ನಿಂತಿದ್ದೆ. ಕಣ್ಣು ತುಂಬಿ ಬಂತು.

ಆ ಸಿನಗಾಗ್ ಕಟ್ಟಿದ್ದು 1568ರಲ್ಲಿ. 1950ರ ದಶಕದಲ್ಲಿ ಕೊಚ್ಚಿಯ ಯಹೂದಿಗಳಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋದರು. ಈಗ ಹತ್ತು ತುಂಬಬೇಕಾದರೆ ಹೊರಗಿನಿಂದ ಬಂದವರೇ ಬೇಕು.

ಇನ್ನೊಂದು ಮಾತು ಹೇಳದೆ ಇರಲಾರೆ. ಬೀದಿಗೆ ಇಳಿದು ಹತ್ತನೆಯವನನ್ನು ಹುಡುಕಿದ ಇದೇ ಸಿನಗಾಗ್, ಹಿಂದೆ ತನ್ನವರನ್ನೇ ಹೊರಗಿಟ್ಟಿತ್ತು. ಜೀತದಿಂದ ಬಿಡುಗಡೆಯಾದವರ ಮನೆತನದವರಿಗೆ ಒಳಗೆ ಉಳಿದವರ ಸಮಕ್ಕೆ ಕೂರುವ ಹಕ್ಕಿರಲಿಲ್ಲ. ವಕೀಲ ಎ. ಬಿ. ಸೇಲಂ ಅದೇ ಮನೆತನದವರು. ಗಾಂಧೀಜಿಯ ದಾರಿ ಹಿಡಿದು ಸಿನಗಾಗ್‌ನಲ್ಲೇ ಸತ್ಯಾಗ್ರಹ ಮಾಡಿದರು. ಕಡೆಗೆ ಆ ಬೇಲಿ ಸಡಿಲವಾಯಿತು. ತನ್ನವರನ್ನೇ ಹಾಗೆ ಹೊರಗಿಟ್ಟದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಪ್ರಶ್ನೆ: ನಾವು ಶನಿವಾರ ಹೋದೆವು, ಬಾಗಿಲು ಹಾಕಿತ್ತು. ಯಾಕೆ?
– ಓದುಗ, ಉಪ್ಪಳ

ಉತ್ತರ: ಅದು ಅವರ ಶಬ್ಬಾತ್, ಅಂದರೆ ವಾರದ ವಿಶ್ರಾಂತಿ ದಿನ. ಶುಕ್ರವಾರ ಸೂರ್ಯ ಮುಳುಗಿದಾಗ ಶುರುವಾಗಿ ಶನಿವಾರ ನಕ್ಷತ್ರ ಕಾಣುವ ಹೊತ್ತಿಗೆ ಮುಗಿಯುತ್ತದೆ. ಅಷ್ಟು ಹೊತ್ತು ಬೆಂಕಿ ಹೊತ್ತಿಸುವುದಿಲ್ಲ, ವ್ಯಾಪಾರ ಮಾಡುವುದಿಲ್ಲ. ಕೊಚ್ಚಿಯ ಮನೆಗಳಲ್ಲಿ ತೂಗುದೀಪಕ್ಕೆ ತೆಂಗಿನೆಣ್ಣೆ ಹಾಕಿ ಸಂಜೆಗೆ ಮೊದಲೇ ಹಚ್ಚಿಡುತ್ತಿದ್ದರು. ಭಾನುವಾರ ಹೋಗಿ. ಚಪ್ಪಲಿ ಹೊರಗೆ ಬಿಡಬೇಕು. ಕಾಲಡಿಯ ನೀಲಿ ಹಂಚುಗಳು ಚೀನಾದವು, ಕೈಯಲ್ಲಿ ಚಿತ್ರ ಬರೆದವು. ನೋಡಿ ನಡೆಯಿರಿ.

ಪ್ರಶ್ನೆ: ನಮ್ಮ ಕಡೆ ಯಹೂದಿಗಳು ಇದ್ದದ್ದುಂಟಾ?
– ವಿದ್ಯಾರ್ಥಿ, ಕುಂಬಳೆ

ಉತ್ತರ: ಉಂಟು ಮಗಾ, ಪಕ್ಕದ ಮಂಗಳೂರಲ್ಲೇ! ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಶಿಯಾ ಮೂಲದ ಯಹೂದಿ ವ್ಯಾಪಾರಿ 12ನೆಯ ಶತಮಾನದಲ್ಲಿ ಅಲ್ಲಿ ವರ್ಷಗಟ್ಟಲೆ ಇದ್ದ. 1132ರಲ್ಲಿ ಅಶು ಎಂಬ ಇಲ್ಲಿಯ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆಸಿದ. ಅವಳನ್ನೇ ಮದುವೆಯಾದ ಎನ್ನುತ್ತಾರೆ. ಕಂಚು-ಹಿತ್ತಾಳೆಯ ಕೆಲಸದ ಮನೆ ನಡೆಸಿದ. ಮೆಣಸು, ಅಡಿಕೆ ಕಳಿಸುತ್ತಿದ್ದ. ನಮ್ಮ ಅಡಿಕೆ ಆಗಲೇ ಹಡಗು ಹತ್ತಿತ್ತು ನೋಡು.

ಇದೆಲ್ಲ ಗೊತ್ತಾದದ್ದು ಕೂಡ ಸಿನಗಾಗ್‌ನಿಂದಲೇ. ದೇವರ ಹೆಸರಿರುವ ಕಾಗದವನ್ನು ಯಹೂದಿಗಳು ಎಸೆಯುವುದಿಲ್ಲ. ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಅಂಥದ್ದಕ್ಕೆಂದೇ ಒಂದು ಕೋಣೆ ಇತ್ತು. ಹೀಬ್ರೂ ಅಕ್ಷರದಲ್ಲಿ ಬರೆದ ಲೆಕ್ಕ, ಕಾಗದ, ಪತ್ರ ಎಲ್ಲವನ್ನೂ ಅಲ್ಲಿ ಹಾಕಿಡುತ್ತಿದ್ದರು. 1890ರ ದಶಕದಲ್ಲಿ ಅವುಗಳಲ್ಲಿ ಹೆಚ್ಚಿನವು ಕೇಂಬ್ರಿಡ್ಜ್ ಸೇರಿದವು. ಬೆನ್ ಯಿಜುವಿನ ಪರವಾಗಿ ಏಡನ್‌ಗೆ ವ್ಯಾಪಾರಕ್ಕೆ ಹೋಗಿದ್ದ ಆಳಿನ ಹೆಸರೂ ಆ ಕಾಗದಗಳಲ್ಲಿದೆ. ಬೊಮ್ಮ ಎಂದು.